ಡಿಸೈನ್ ಪದವಿಗೆ ಹಾಕಿದ ದುಡ್ಡು ಯಾವಾಗ ಮರಳುತ್ತದೆ? ಲೆಕ್ಕ ಹಾಕುವ ಬಗೆ

ಎಕ್ಸೆಲ್ ಹಾಳೆಯೊಂದನ್ನು ತೆರೆದು ಎರಡು ಕಾಲಂ ಮಾಡಿ. ಮೊದಲನೆಯದರಲ್ಲಿ ಪದವಿ ಓದಿದರೆ ಪ್ರತಿ ವರ್ಷ ಕೈಬಿಡುವ ಹಣ ಮತ್ತು ಕೈಗೆ ಬರುವ ಹಣ ಇರಲಿ. ಎರಡನೆಯದರಲ್ಲಿ ಪದವಿ ಬಿಟ್ಟು ಈಗಲೇ ಕೆಲಸಕ್ಕೆ ಸೇರಿದರೆ ಆಗುವ ಲೆಕ್ಕ ಇರಲಿ. ವರ್ಷಕ್ಕೊಂದು ಸಾಲಿನಂತೆ ಇಪ್ಪತ್ತು ಸಾಲು ಬೇಕು. ಕಾಲೇಜಿನ ಶುಲ್ಕವನ್ನೂ ಮೊದಲ ಸಂಬಳವನ್ನೂ ಮಾತ್ರ ಪಕ್ಕಪಕ್ಕ ಇಟ್ಟು ನೋಡುವವರೇ ಹೆಚ್ಚು. ಅದರಿಂದ ಬರುವ ಉತ್ತರ ಎಷ್ಟು ತಪ್ಪಿರುತ್ತದೆ ಎಂಬುದು ಒಂದು ಉದಾಹರಣೆ ಹಿಡಿದು ಲೆಕ್ಕ ಹಾಕಿದರೆ ತಿಳಿಯುತ್ತದೆ.

ನಾಲ್ಕು ವರ್ಷದ ಒಟ್ಟು ಶುಲ್ಕ 100 ಎಂದಿಟ್ಟುಕೊಳ್ಳೋಣ. ಉಳಿದ ಅಂಕಿಗಳೆಲ್ಲ ಇದೇ ಅಳತೆಯವು. ನಿಮ್ಮ ನಿಜವಾದ ಮೊತ್ತವನ್ನು ಹಾಕಿ ಇದೇ ಕ್ರಮದಲ್ಲಿ ಮಾಡಿದರೆ ಆಯಿತು.

ಮೊದಲು ಖರ್ಚು. ಮಾಹಿತಿ ಪುಸ್ತಿಕೆಯಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ಮೊದಲ ವರ್ಷದ ಶುಲ್ಕ. ಅದನ್ನು ನಾಲ್ಕರಿಂದ ಗುಣಿಸಿ ಸುಮ್ಮನಾಗಬೇಡಿ. ವರ್ಷಕ್ಕೆ ಶೇ. 8ರಷ್ಟು ಏರಿದರೂ 25, 27, 29.2, 31.5 ಎಂದು ಸಾಗಿ ಒಟ್ಟು 112.7ಕ್ಕೆ ಮುಟ್ಟುತ್ತದೆ. ಏರಿಕೆಗೆ ಮಿತಿ ಇದೆಯೇ ಎಂದು ಬರಹದಲ್ಲಿ ಕೇಳಿ. ಆಮೇಲೆ ಡಿಸೈನ್ ಓದಿಗೇ ಅಂಟಿದ ಖರ್ಚುಗಳು: ಗ್ರಾಫಿಕ್ಸ್ ತಡೆದುಕೊಳ್ಳುವ ಲ್ಯಾಪ್‌ಟಾಪ್, ಪೆನ್ ಟ್ಯಾಬ್ಲೆಟ್, ಮಾದರಿ ಮಾಡಲು ಫೋಮ್ ಬೋರ್ಡು, ಮರ, ಬಟ್ಟೆ, ಬಣ್ಣದ ಪ್ರಿಂಟು, ತ್ರೀಡಿ ಪ್ರಿಂಟಿಂಗ್, ಕೊನೆಯ ವರ್ಷದ ಪ್ರದರ್ಶನ. ಕಾಗದ, ಪರದೆಗಳ ಮೇಲೆ ನಡೆಯುವ ಗ್ರಾಫಿಕ್ ಡಿಸೈನಿಗಿಂತ ಉತ್ಪನ್ನ ವಿನ್ಯಾಸ, ಫ್ಯಾಷನ್ ಶಾಖೆಗಳಲ್ಲಿ ಸಾಮಗ್ರಿಗೇ ಹೆಚ್ಚು ಹೋಗುತ್ತದೆ. ಕೊನೆಯ ವರ್ಷದಲ್ಲಿರುವ ಇಬ್ಬರು ಮೂವರನ್ನು ಕೇಳಿದರೆ ನಿಜವಾದ ಅಂಕಿ ಸಿಗುತ್ತದೆ. ಸಾಫ್ಟ್‌ವೇರಿನ ವಿದ್ಯಾರ್ಥಿ ರಿಯಾಯಿತಿ ಓದು ಮುಗಿದ ಮೇಲೆ ನಿಲ್ಲುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಬ್ಲೆಂಡರ್, ಇಂಕ್‌ಸ್ಕೇಪ್, ಕ್ರಿಟಾ ಎಂಬ ಸಾಫ್ಟ್‌ವೇರುಗಳು ಉಚಿತ. ದುಡಿಮೆಯ ಕೆಲಸಕ್ಕೂ ಬಳಸಬಹುದು. ಊಟ, ವಸತಿಯ ಪೂರ್ತಿ ಖರ್ಚು ಸೇರಿಸಬೇಡಿ. ಓದದಿದ್ದರೂ ಊಟ ಮಾಡಲೇಬೇಕಲ್ಲ. ಹಾಸ್ಟೆಲಿನಿಂದ ಹೆಚ್ಚಾಗುವ ಭಾಗವನ್ನಷ್ಟೇ ಹಿಡಿಯಿರಿ. ಇವೆಲ್ಲಕ್ಕೂ 30 ಎಂದಿಟ್ಟುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ಶುಲ್ಕವನ್ನು ಮಾತ್ರ 100ರಲ್ಲೇ ಬಿಡೋಣ.

ಶುಲ್ಕ ಪೂರ್ತಿ ಸಾಲದ್ದಾದರೆ ಬಡ್ಡಿಯೇ ದೊಡ್ಡ ಬಾಬತ್ತು. ಪ್ರತಿ ವರ್ಷದ ಆರಂಭದಲ್ಲಿ 25ರಂತೆ ಶೇ. 10 ಬಡ್ಡಿಗೆ ಪಡೆದರೆ, ಬರೀ ಸರಳ ಬಡ್ಡಿ ಹಿಡಿದರೂ ಓದು ಮುಗಿಯುವ ದಿನ ಸಾಲ 125 ಆಗಿರುತ್ತದೆ. ಹತ್ತು ವರ್ಷದಲ್ಲಿ ತೀರಿಸಲು ತಿಂಗಳ ಕಂತು 1.65, ಕಟ್ಟುವುದು ಒಟ್ಟು 198. ಐದು ವರ್ಷವಾದರೆ ಕಂತು 2.66, ಒಟ್ಟು 159. ಹದಿನೈದು ವರ್ಷಕ್ಕೆ ಎಳೆದರೆ ಕಂತು 1.34ಕ್ಕೆ ಇಳಿಯುತ್ತದೆ, ಒಟ್ಟು 242ಕ್ಕೆ ಏರುತ್ತದೆ. ಓದುವಾಗಲೇ ಬಡ್ಡಿಯನ್ನಷ್ಟೇ ಕಟ್ಟುತ್ತಾ ಬಂದರೆ ಆ 25 ಅಸಲಿಗೆ ಸೇರುವುದು ತಪ್ಪುತ್ತದೆ. ಮನೆಯವರಿಂದ ಸಾಧ್ಯವಾದರೆ ಖಂಡಿತ ಮಾಡಿ.

ಇನ್ನು ಕೈಬಿಟ್ಟ ಗಳಿಕೆ. ಈಗಲೇ ಕೆಲಸಕ್ಕೆ ಸೇರಿದರೆ ತಿಂಗಳಿಗೆ 1.5 ಸಿಗುತ್ತಿತ್ತು ಎನ್ನಿ. ಆ ಸಂಬಳ ಏರುವುದೇ ಇಲ್ಲ ಎಂದು ಹಿಡಿದರೂ ನಾಲ್ಕು ವರ್ಷಕ್ಕೆ 72. ಹತ್ತು ವರ್ಷದ ಕಂತು 198, ಇತರ ಖರ್ಚು 30, ಇದು 72: ಪದವಿಯ ನಿಜವಾದ ಬೆಲೆ 300.

ಪದವಿ ಮುಗಿಸಿದವರಿಗೆ ತಿಂಗಳಿಗೆ 3.5 ಸಂಬಳ ಎಂದುಕೊಳ್ಳಿ. 3.5ರಲ್ಲಿ 1.5 ಕಳೆದು, ವರ್ಷಕ್ಕೆ 24 ಹೆಚ್ಚು ಬರುತ್ತದೆ, 100 ಶುಲ್ಕ ನಾಲ್ಕೇ ವರ್ಷದಲ್ಲಿ ಮರಳುತ್ತದೆ ಎಂದು ಹೇಳುವವರಿದ್ದಾರೆ. ಇಲ್ಲಿ ಎರಡು ತಪ್ಪು. ಬೆಲೆ 100 ಅಲ್ಲ, 300. ಮತ್ತು ಕೆಲಸಕ್ಕೆ ಸೇರಿದವರು ನಾಲ್ಕು ವರ್ಷ 1.5ರಲ್ಲೇ ಕೂತಿರುವುದಿಲ್ಲ. ಅನುಭವದ ಮೇಲೆ ಅವರು 2.25ಕ್ಕೆ ಬಂದಿದ್ದರೆ ಅಂತರ ತಿಂಗಳಿಗೆ 1.25, ವರ್ಷಕ್ಕೆ 15. ಅಂತರ ಹಾಗೇ ಉಳಿದರೆ ಹಣ ಮರಳಲು ಇಪ್ಪತ್ತು ವರ್ಷ ಬೇಕು. ವರ್ಷಕ್ಕೆ ಶೇ. 10ರಂತೆ ಹಿಗ್ಗುತ್ತಾ ಹೋದರೆ ಹನ್ನೊಂದೂವರೆ ವರ್ಷ. ಅರ್ಧ ಶುಲ್ಕಕ್ಕೆ ವಿದ್ಯಾರ್ಥಿವೇತನ ಸಿಕ್ಕಿದರೆ ಬೆಲೆ 201ಕ್ಕೆ ಇಳಿದು ಸುಮಾರು ಒಂಬತ್ತು ವರ್ಷ ಸಾಕು.

ಜೊತೆಗೇ ಇನ್ನೊಂದು ಪರೀಕ್ಷೆ ಮಾಡಿ: ಮೊದಲ ವರ್ಷ ಕೈಗೆ ಬರುವ ಸಂಬಳದಲ್ಲಿ ಕಂತಿನ ಪಾಲೆಷ್ಟು? 3.5ರಲ್ಲಿ 1.65 ಎಂದರೆ ಶೇ. 47. ಬಾಡಿಗೆ ಕಟ್ಟಿ ಬದುಕುವವರಿಗೆ ಇದು ನಡೆಯದ ಮಾತು. ಕಾಲು ಭಾಗ ದಾಟಿದ ಕಂತನ್ನು ಒಪ್ಪಿಕೊಳ್ಳಬೇಡಿ ಎಂಬುದು ನಮ್ಮ ಗಟ್ಟಿ ಸಲಹೆ. ಏಕೆಂದರೆ ಕಂತು ಶುರುವಾಗುವ ಮುನ್ನ ಬ್ಯಾಂಕು ಬಿಡುವು ಕೊಟ್ಟಿದ್ದರೂ, ಅದು ಮುಗಿದ ಮೇಲೆ ಕೆಲಸ ಸಿಗದಿದ್ದರೂ ಕಂತು ಕಾಯುವುದಿಲ್ಲ, ಆ ಒತ್ತಡದಲ್ಲಿ ಸಿಕ್ಕಿದ ಮೊದಲ ಕೆಲಸಕ್ಕೆ ಹೂಂ ಅನ್ನಬೇಕಾಗುತ್ತದೆ.

ಇಡೀ ಲೆಕ್ಕ ನಿಂತಿರುವುದು ಆ 3.5ರ ಮೇಲೆ. ಕಾಲೇಜುಗಳು ಕೊಡುವ ಸರಾಸರಿಯನ್ನು ಅಲ್ಲಿ ತುಂಬಬೇಡಿ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 3, ಒಬ್ಬರಿಗೆ 23 ಸಿಕ್ಕಿದರೆ ಸರಾಸರಿ 5. ಆ 5 ಯಾರೊಬ್ಬರ ಸಂಬಳವೂ ಅಲ್ಲ. ಸಂಬಳಗಳನ್ನು ಏರಿಕೆಯ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವ ಅಂಕಿ, ಅಂದರೆ ಮಧ್ಯಾಂಕ, ಕೇಳಿ. ಅದೂ ನಿಮ್ಮ ಶಾಖೆಯದ್ದೇ ಬೇಕು: ಆ್ಯಪ್ ವಿನ್ಯಾಸದವರ ಸಂಬಳ ಸೇರಿಕೊಂಡ ಅಂಕಿಯಿಂದ ಜವಳಿ ವಿನ್ಯಾಸಕರ ಗಳಿಕೆ ತಿಳಿಯದು. ಶೇ. 100 ಪ್ಲೇಸ್‌ಮೆಂಟ್ ಎಂದರೆ ತರಗತಿಯ ಎಲ್ಲರೂ ಸೇರಿದ್ದಾರೋ, ಹೆಸರು ನೋಂದಾಯಿಸಿದವರು ಮಾತ್ರವೋ? ಇಂಟರ್ನ್‌ಶಿಪ್ ಸಿಕ್ಕವರನ್ನೂ ಎಣಿಸಿದ್ದಾರೋ? ಉತ್ತರ ತಡವರಿಸಿದರೆ, ಮೂರು ವರ್ಷದ ಹಿಂದೆ ಓದು ಮುಗಿಸಿದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ ಇಪ್ಪತ್ತು ಜನ ಈಗ ಏನು ಮಾಡುತ್ತಿದ್ದಾರೆಂದು ಪಟ್ಟಿ ಮಾಡಿ. ಆದರೆ ಕೆಲಸ ಸಿಗದವರು ಅಲ್ಲಿ ಕಾಣಿಸುವುದು ಕಡಿಮೆ. ನಿಮ್ಮ ಪಟ್ಟಿಯೂ ಕೊಂಚ ಹೊಳಪಾಗಿಯೇ ಇರುತ್ತದೆ.

ಫ್ರೀಲ್ಯಾನ್ಸ್ ಯೋಚನೆ ಇದ್ದರೆ, ದುಡಿಯುವ ಗಂಟೆಗಳಲ್ಲಿ ಅರ್ಧಕ್ಕೆ ಮಾತ್ರ ಹಣ ಬರುತ್ತದೆಂದು ಹಿಡಿಯಿರಿ. ಉಳಿದದ್ದು ಗಿರಾಕಿ ಹುಡುಕಲು, ಬಿಲ್ ವಸೂಲಿಗೆ ಹೋಗುತ್ತದೆ.

ಲೆಕ್ಕ ಕೂಡಿಬರದಿದ್ದರೆ ಡಿಸೈನನ್ನೇ ಬಿಡಬೇಕಿಲ್ಲ. ಗ್ರಾಫಿಕ್, ವೆಬ್ ಕೆಲಸಕ್ಕೆ ಪೋರ್ಟ್‌ಫೋಲಿಯೊ, ಅಂದರೆ ಮಾಡಿದ ಕೆಲಸಗಳ ಸಂಗ್ರಹ, ನೋಡಿಯೇ ಕರೆಯುವವರು ಬಹಳ. ಒಂದು ವರ್ಷದ ಕೋರ್ಸು, ಆಮೇಲೆ ಸ್ಟುಡಿಯೊದಲ್ಲಿ ಕೆಲಸ ಎಂಬ ದಾರಿಗೂ ಮೂರನೇ ಕಾಲಂ ಮಾಡಿ. ಉತ್ಪನ್ನ ವಿನ್ಯಾಸಕ್ಕೆ ವರ್ಕ್‌ಶಾಪು, ಯಂತ್ರಗಳು ಬೇಕಾದ್ದರಿಂದ ಅಲ್ಲಿ ಕಾಲೇಜಿಗೆ ಪರ್ಯಾಯ ಕಷ್ಟ. ಬೋಧನೆಗೆ, ವಿದೇಶದ ಕೆಲಸದ ವೀಸಾಕ್ಕೆ ಹಲವೆಡೆ ಪದವಿಯನ್ನೇ ಕೇಳುತ್ತಾರೆ.

ಶುಲ್ಕ ಕಟ್ಟುವ ಮೊದಲು ಕೊನೆಯದಾಗಿ ಕೇಳಬೇಕಾದ್ದು: ಎರಡನೇ ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ ಕೊಡುತ್ತಾರೆಯೇ, ಪಡೆದ ಅಂಕಗಳು ಬೇರೆ ಕಾಲೇಜಿಗೆ ನಡೆಯುತ್ತವೆಯೇ, ಕಟ್ಟಿದ ಶುಲ್ಕದಲ್ಲಿ ಎಷ್ಟು ವಾಪಸ್ ಬರುತ್ತದೆ. ಈ ಲೆಕ್ಕದಲ್ಲಿ ಅತಿ ಹೆಚ್ಚು ನಷ್ಟ ಆಗುವುದು ಅರ್ಧಕ್ಕೆ ಓದು ನಿಲ್ಲಿಸಿದವರಿಗೆ: ಸಾಲ ಅವರ ಹೆಸರಿನಲ್ಲೇ ಉಳಿಯುತ್ತದೆ, ಪದವಿ ಸಿಕ್ಕಿರುವುದಿಲ್ಲ.