ಸದ್ದಿನೊಳಗಿನ ರಾಗ: ಶೂಗೇಜ್ ಆಲ್ಬಂಗಳನ್ನು ನಾನು ಸೂಚಿಸುವ ಬಗೆ

ಗಿಟಾರುಗಳ ದಟ್ಟ ಸದ್ದಿನೊಳಗೆ ರಾಗವನ್ನೂ ದನಿಯನ್ನೂ ಮುಳುಗಿಸುವ ರಾಕ್ ಪ್ರಕಾರವಾದ ಶೂಗೇಜ್ ಸಂಗೀತವನ್ನು ಎಲ್ಲಿಂದ ಆರಂಭಿಸಬೇಕೆಂದು ಯಾರು ಕೇಳಿದರೂ ನಾನು ಹಲವು ವರ್ಷಗಳ ಕಾಲ ಒಂದೇ ಹೆಸರು ಹೇಳುತ್ತಿದ್ದೆ: ಮೈ ಬ್ಲಡಿ ವ್ಯಾಲೆಂಟೈನ್ ತಂಡದ 1991ರ ‘ಲವ್‌ಲೆಸ್’. ಈ ಪ್ರಕಾರದಲ್ಲಿ ಅದನ್ನು ಮೀರಿಸುವ ಆಲ್ಬಂ ಇಲ್ಲವೆಂದೇ ಇಂದಿಗೂ ನಂಬಿದ್ದೇನೆ. ಆದರೆ ಹೊಸಬರ ಕೈಗೆ ಮೊದಲು ಕೊಡಬೇಕಾದದ್ದು ಅದಲ್ಲ ಎಂಬುದು ಸ್ನೇಹಿತನೊಬ್ಬನ ಪಕ್ಕದಲ್ಲಿ ಕುಳಿತು ಕೇಳಿದ ದಿನ ನನಗೆ ಮನವರಿಕೆಯಾಯಿತು. ಮೊದಲ ಹಾಡಿನಲ್ಲಿ ಸ್ನೇರ್ ಡ್ರಮ್ಮಿನ ನಾಲ್ಕು ಪೆಟ್ಟು ಬಿದ್ದ ಕೂಡಲೇ ಗಿಟಾರುಗಳೆಲ್ಲ ಒಮ್ಮೆಲೇ ಎರಗುತ್ತವೆ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪ್ಲೇಯರ್ ಏನಾದ್ರೂ ಕೆಟ್ಟಿದ್ಯಾ ನೋಡೋ, ಸ್ಪೀಡ್ ಹೆಚ್ಚುಕಡಿಮೆ ಆಗ್ತಿದೆ” ಎಂದ.

ಅವನ ಕಿವಿ ಸರಿಯಾಗಿಯೇ ಗ್ರಹಿಸಿತ್ತು. ಆ ತಂಡದ ಗಿಟಾರ್ ವಾದಕ ಕೆವಿನ್ ಶೀಲ್ಡ್ಸ್, ತಂತಿಗಳ ಬಿಗಿತವನ್ನು ಬದಲಿಸುವ ಟ್ರೆಮೊಲೊ ಹಿಡಿಕೆಯನ್ನು ಬಿಡದೆ ಹಿಡಿದುಕೊಂಡೇ ತಂತಿಗಳನ್ನು ಮೀಟುವುದರಿಂದ ಶ್ರುತಿ ಒಂದೇ ಕಡೆ ನಿಲ್ಲದೆ ತುಸು ಇಳಿದು ಮತ್ತೆ ಏರುತ್ತದೆ, ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ತೂಗಾಡಿದಂತೆ ಕೇಳಿಸುತ್ತವೆ. ಇದನ್ನು ಮೊದಲೇ ತಿಳಿಸದೆ ಕೇಳಿಸಿದ್ದು ನನ್ನ ತಪ್ಪು. ಅಂದಿನಿಂದ ಯಾವ ಆಲ್ಬಂ ಸೂಚಿಸುವಾಗಲೂ ಎರಡು ಮಾತು ಮುಂಚಿತವಾಗಿ ಹೇಳುತ್ತೇನೆ. ಇಲ್ಲಿ ಹಾಡುವ ದನಿಯನ್ನು ಬೇಕೆಂದೇ ಗಿಟಾರುಗಳ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಇರಿಸಿರುತ್ತಾರೆ, ಆದ್ದರಿಂದ ಸಾಹಿತ್ಯ ಹಿಡಿಯಲು ಹೆಣಗುವುದು ಬೇಡ, ದನಿಯನ್ನೂ ಒಂದು ವಾದ್ಯದಂತೆ ಕೇಳಬೇಕು ಎನ್ನುವುದು ಒಂದು. ರಾಗ ಖಂಡಿತವಾಗಿಯೂ ಇದೆ, ಸದ್ದಿನ ಅಡಿಯಲ್ಲಿ ಇದೆ, ಎರಡನೆಯ ಸಲ ಕೇಳುವಾಗ ಅದು ಸಿಗುತ್ತದೆ ಎನ್ನುವುದು ಇನ್ನೊಂದು.

ಬಳಿಕ ಒಂದು ಪ್ರಶ್ನೆ ಕೇಳುತ್ತೇನೆ: ಹಾಡೊಂದರಲ್ಲಿ ನಿಮ್ಮ ಕಿವಿಗೆ ಮೊದಲು ಬೀಳುವುದು ಏನು? ನೆಚ್ಚಿನ ತಂಡಗಳ ಪಟ್ಟಿಗಿಂತ ಈ ಉತ್ತರವೇ ನನಗೆ ಹೆಚ್ಚು ದಾರಿ ತೋರಿಸಿದೆ.

ರಾಗವೆಂದು ಹೇಳುವವರಿಗೆ ಜೀಸಸ್ ಆ್ಯಂಡ್ ಮೇರಿ ಚೈನ್ ತಂಡದ ‘ಸೈಕೋಕ್ಯಾಂಡಿ’ಯನ್ನು ಕೊಡುತ್ತೇನೆ. 1985ರ ಈ ಆಲ್ಬಂ ಶೂಗೇಜ್ ಎಂಬ ಹೆಸರು ಹುಟ್ಟುವ ಮೊದಲಿನದು, ಆದರೆ ಇದರ ಹೊರಪದರ ಸ್ಪೀಕರಿನ ಸದ್ದು ಗಿಟಾರಿಗೇ ಮರಳಿದಾಗ ಹುಟ್ಟುವ ಕರ್ಕಶವಾದ ಫೀಡ್‌ಬ್ಯಾಕ್, ಒಳಗಿರುವುದು ಅರವತ್ತರ ದಶಕದ ಪಾಪ್. ಮೊದಲ ಹಾಡಿನ ಆರಂಭದ ಡ್ರಮ್ ಬಡಿತ ರೊನೆಟ್ಸ್ ತಂಡದ 1963ರ ‘ಬಿ ಮೈ ಬೇಬಿ’ಯದೇ ಆಗಿದೆ, ಎರಡನ್ನೂ ಒಂದರ ಹಿಂದೊಂದು ಕೇಳಿಸಿದರೆ ಸಾಕು, ಗದ್ದಲವೂ ಪಾಪ್ ಹಾಡೂ ಒಟ್ಟಿಗೆ ಹೇಗೆ ಬಾಳುತ್ತವೆ ಎಂಬುದನ್ನು ಬೇರೆ ವಿವರಿಸಬೇಕಿಲ್ಲ. ಹೊಸ ಕಾಲದ ಧ್ವನಿಮುದ್ರಣ ಬೇಕೆನ್ನುವವರಿಗೆ ಆಲ್ವೇಸ್ ತಂಡದ 2022ರ ‘ಬ್ಲೂ ರೆವ್’ ಸೂಕ್ತ.

ತಾಳವನ್ನು ಹಿಡಿಯುವವರಿಗೆ ರೈಡ್ ತಂಡದ ‘ನೋವೇರ್’ (1990). ಮುನ್ನೆಲೆಗೆ ಬರುವ ಲಾಜ್ ಕೋಲ್ಬರ್ಟ್ ಅವರ ಡ್ರಮ್ಮಿನಿಂದಾಗಿ ಗಿಟಾರಿನ ಮಂಜಿನಲ್ಲಿ ಕೇಳುಗರಿಗೆ ದಾರಿ ತಪ್ಪುವುದಿಲ್ಲ. ಇದರ ಜೊತೆಗೆ ಒಂದು ಸೂಚನೆಯನ್ನೂ ಕೊಡುತ್ತೇನೆ. ಮೂಲ ಎಲ್‌ಪಿಯಲ್ಲಿ ಎಂಟೇ ಹಾಡುಗಳಿವೆ, ಕೊನೆಯದಾದ ‘ವೇಪರ್ ಟ್ರೇಲ್’ ತಂತಿವಾದ್ಯಗಳ ನಾದದಲ್ಲಿ ಮುಗಿಯುತ್ತದೆ. ಸಿಡಿಯಲ್ಲಿ ಅದರ ನಂತರ ಮತ್ತೆ ಮೂರು ಹಾಡುಗಳು ಬರುತ್ತವೆ. ಮೊದಲ ಸಲ ಕೇಳುವವರು ಎಂಟಕ್ಕೇ ನಿಲ್ಲಿಸಿ, ಆ ಕೊನೆಯ ನಾದ ಅಡಗಿದ ಮೇಲೆ ಸ್ವಲ್ಪ ಹೊತ್ತು ಬೇರೇನನ್ನೂ ಹಾಕಬಾರದೆಂದು ಕೇಳಿಕೊಳ್ಳುತ್ತೇನೆ.

ಹಾಡಿನ ವಾತಾವರಣವೇ ಮುಖ್ಯವೆನ್ನುವವರಿಗೆ ಸ್ಲೋಡೈವ್. 1993ರ ‘ಸೂವ್ಲಾಕಿ’ ನನಗೆ ಬಹಳ ಪ್ರಿಯವಾದದ್ದು, ಅದು ಬಂದ ಕಾಲದಲ್ಲಿ ಬ್ರಿಟಿಷ್ ಪತ್ರಿಕೆಗಳು ಅದನ್ನು ತಾತ್ಸಾರದಿಂದ ಕಂಡದ್ದು ನನಗೆ ಈಗಲೂ ನೋವಿನ ಸಂಗತಿ. ಆದರೂ ಮೊದಲ ಹೆಜ್ಜೆಗೆ ನಾನು ಈಗ ಸೂಚಿಸುವುದು 1995ರ ಆಲ್ಬಂ ಆದಮೇಲೆ 22 ವರ್ಷಗಳ ಅಂತರದ ಬಳಿಕ 2017ರಲ್ಲಿ ಬಂದ, ತಂಡದ ಹೆಸರನ್ನೇ ಹೊತ್ತ ಆಲ್ಬಂ. ಅದರ ಧ್ವನಿ ನಿಚ್ಚಳವಾಗಿದೆ, ಗಿಟಾರಿನ ಪ್ರತಿ ಪದರವೂ ಬಿಡಿಬಿಡಿಯಾಗಿ ಕಿವಿಗೆ ಸಿಗುತ್ತದೆ, ಅಲ್ಲಿ ಪಳಗಿದ ಕಿವಿ ‘ಸೂವ್ಲಾಕಿ’ಗೆ ಬೇಗ ಒಗ್ಗುತ್ತದೆ.

ಕೇಳುವ ಸಾಧನದ ಬಗೆಗೂ ಹೇಳಲೇಬೇಕು. ತೀರಾ ಕುಗ್ಗಿಸಿದ ಎಂಪಿತ್ರೀ ಕಡತಗಳಲ್ಲಿ ಸಿಂಬಲ್ಲಿನ ಮತ್ತು ಗಿಟಾರಿನ ಮೇಲು ಸ್ವರಗಳು ಕಲಸಿಹೋಗುತ್ತವೆ, ಆಗ ಈ ಸಂಗೀತ ಬರೀ ಗೊರಗೊರ ಸದ್ದು ಎಂದು ದೂರುವವರನ್ನು ನಾನು ತಪ್ಪೆನ್ನಲಾರೆ. ಜೋರಾಗಿ ಕೇಳಿ ಎಂಬ ರೂಢಿಯ ಸಲಹೆಯನ್ನಂತೂ ನಾನು ಕೊಡುವುದಿಲ್ಲ. ಮೈ ಬ್ಲಡಿ ವ್ಯಾಲೆಂಟೈನ್ ತಂಡದ ಕಛೇರಿಗಳಲ್ಲಿಯೇ ಪ್ರೇಕ್ಷಕರಿಗೆ ಕಿವಿಗೆ ಇಟ್ಟುಕೊಳ್ಳುವ ಪ್ಲಗ್ಗುಗಳನ್ನು ಹಂಚಲಾಗಿದೆ.

ಆ ಸ್ನೇಹಿತನಿಗೆ ನಾನು ಮತ್ತೆ ‘ಲವ್‌ಲೆಸ್’ ಹೆಸರೆತ್ತಲಿಲ್ಲ. ರೈಡ್ ಮತ್ತು ಸ್ಲೋಡೈವ್ ಕೇಳಿಯಾದ ಮೇಲೆ ತಾನಾಗಿಯೇ ಅದಕ್ಕೆ ಮರಳಿದ ಆತ, ಗಿಟಾರಿನ ಈ ತೂಗಾಟವನ್ನು ಅವರು ಎಲ್ಲಿಂದ ಆರಂಭಿಸಿದರು ಎಂದು ವಿಚಾರಿಸಿದ. ಅದೇ ತಂಡದ 1988ರ ‘ಇಸಂಟ್ ಎನಿಥಿಂಗ್’ ಕೊಟ್ಟೆ. ಅದರಲ್ಲಿ ಡ್ರಮ್ಮು ಒರಟಾಗಿದೆ, ಗಿಟಾರುಗಳ ನಡುವೆ ಇನ್ನೂ ಬಯಲು ಉಳಿದಿದೆ, ಸದ್ದನ್ನು ಕಟ್ಟುವ ಕೈ ಅಲ್ಲಿ ಕಾಣಿಸುತ್ತದೆ.