ಹತ್ತು ಮೀಟರ್ ಏರ್ ಪಿಸ್ತೂಲ್‌ಗೆ ಪೆಲೆಟ್ ಆರಿಸುವುದು ಹೇಗೆ?

ಶೂಟಿಂಗ್ ರೇಂಜಿಗೆ ಮಕ್ಕಳನ್ನು ಹೊಸದಾಗಿ ಕರೆತರುವ ಅಪ್ಪ ಅಮ್ಮಂದಿರು ಮೊದಲ ತಿಂಗಳು ಪಿಸ್ತೂಲಿನ ಬೆಲೆ ಕೇಳುತ್ತಾರೆ. ಎರಡನೆಯ ತಿಂಗಳು ಮಾತು ಪೆಲೆಟ್‌ಗೆ, ಅಂದರೆ ಅದರಲ್ಲಿ ಹಾಕಿ ಹೊಡೆಯುವ ಪುಟ್ಟ ಸೀಸದ ಗುಂಡಿಗೆ, ಬರುತ್ತದೆ. "ಸರ್, ಇವಳ ಗುಂಡು ಒಂದ್ಸಲ ಹತ್ತಕ್ಕೆ ಹೋಗುತ್ತೆ, ಇನ್ನೊಂದ್ಸಲ ಏಳಕ್ಕೆ. ಬೇರೆ ಪೆಲೆಟ್ ತಂದರೆ ಸರಿಹೋಗುತ್ತಾ?"

ಇದೇ ಪ್ರಶ್ನೆಯನ್ನು ನಾನೂ ಒಂದು ಕಾಲದಲ್ಲಿ ಮೂರು ತಿಂಗಳು ತಲೆಯಲ್ಲಿ ಹೊತ್ತು ತಿರುಗಿದ್ದೆ. ಸಿಕ್ಕ ಡಬ್ಬಿ ಕೊಳ್ಳುತ್ತಿದ್ದೆ, ಉಳಿದದ್ದನ್ನೆಲ್ಲ ಒಂದೇ ಡಬ್ಬಿಗೆ ಸುರಿಯುತ್ತಿದ್ದೆ. ಗುಂಡು ಹೊರಗೆ ಹೋದಾಗಲೆಲ್ಲ ಪೆಲೆಟ್ ಮೇಲೆ ಅನುಮಾನ. ಅನುಮಾನ ಇರುವಷ್ಟು ದಿನ ಕೈಯ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಪೆಲೆಟ್ ಪರೀಕ್ಷೆಯ ನಿಜವಾದ ಪ್ರಯೋಜನ ಇದೇ ಎಂದು ನನಗೆ ಅರ್ಥವಾಗಲು ತಡವಾಯಿತು: ಅಂಕ ಹೆಚ್ಚುವುದಕ್ಕಿಂತ ಮೊದಲು ಈ ಅನುಮಾನ ಹೋಗಬೇಕು.

ಅಮೆರಿಕದಲ್ಲಿ ಸಿಡಿಮದ್ದಿನ ಪಿಸ್ತೂಲು ಹೊಡೆಯುವ ಹವ್ಯಾಸಿಗಳು ಖಾಲಿಯಾದ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ, ಆ ದಾರಿಗೆ ಯಾರೂ ಕೈಹಾಕಬಾರದು. ಆದರೆ ಅವರು ಒಂದೊಂದು ಗುಂಡನ್ನೂ ನೋಡಿ, ಅಳೆದು, ಬರೆದಿಡುವ ಶಿಸ್ತು ಮಾತ್ರ ಏರ್ ಪಿಸ್ತೂಲಿನವರಿಗೂ ಬೇಕು. ಇಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ. ಇರುವುದು ಗಾಳಿ ಮತ್ತು ಅರ್ಧ ಗ್ರಾಂ ಸೀಸ.

ಮೊದಲು ಪೆಲೆಟ್ಟನ್ನು ಸರಿಯಾಗಿ ನೋಡಿ

ಹತ್ತು ಮೀಟರ್ ಸ್ಪರ್ಧೆಯ ಪೆಲೆಟ್ 4.5 ಮಿ.ಮೀ. ಅಳತೆಯದು. ಆಕಾರ ಡಮರುಗದ ಹಾಗೆ, ನಡು ಸಣ್ಣ. ಮುಂದಿನ ಭಾಗ ತಲೆ, ಹಿಂದಿನ ಟೊಳ್ಳು ಭಾಗಕ್ಕೆ ಶೂಟರ್‌ಗಳು ಸ್ಕರ್ಟ್ ಎನ್ನುತ್ತಾರೆ. ಗಾಳಿಯ ಒತ್ತಡಕ್ಕೆ ಸ್ಕರ್ಟ್ ಅರಳಿ ನಳಿಗೆಯ ಒಳಗೋಡೆಗೆ ಒತ್ತಿಕೊಳ್ಳುತ್ತದೆ, ಗಾಳಿ ಪಕ್ಕದಿಂದ ಸೋರಿಹೋಗುವುದಿಲ್ಲ. ತೆಳ್ಳಗಿನ ಈ ಸ್ಕರ್ಟೇ ಪೆಲೆಟ್‌ನ ಅತಿ ನಾಜೂಕು ಭಾಗ. ಡಬ್ಬಿ ಒಮ್ಮೆ ಕೈಜಾರಿ ನೆಲಕ್ಕೆ ಬಿದ್ದರೆ ಸಾಕು, ಒಳಗೆ ಎಷ್ಟೋ ಪೆಲೆಟ್‌ಗಳ ಅಂಚು ನೆಗ್ಗಿರುತ್ತದೆ.

ತಲೆ ಚಪ್ಪಟೆಯಾಗಿರಬೇಕು. ಚೂಪು ತಲೆಯ ಪೆಲೆಟ್ ಕಾಗದವನ್ನು ಹರಿದುಕೊಂಡು ಹೋಗುತ್ತದೆ, ಚಪ್ಪಟೆ ತಲೆಯದು ಪಂಚ್ ಮಾಡಿದ ಹಾಗೆ ದುಂಡನೆಯ ತೂತು ಬಿಡುತ್ತದೆ. ಗೆರೆ ಮುಟ್ಟಿತೋ ಇಲ್ಲವೋ ಎಂದು ತೀರ್ಮಾನಿಸಲು ಆ ದುಂಡು ಬೇಕು. ಪೇಟೆಯಲ್ಲಿ "ಜೋರಾಗಿ ಹೋಗುತ್ತದೆ" ಎಂದು ಮಾರುವ ಚೂಪು ಪೆಲೆಟ್‌ಗಳಿಗೆ ಈ ಆಟದಲ್ಲಿ ಜಾಗವಿಲ್ಲ.

ಕೊಳ್ಳುವಾಗ

ಜರ್ಮನಿಯ ಆರ್‌ಡಬ್ಲ್ಯುಎಸ್, ಎಚ್ ಅಂಡ್ ಎನ್, ಜೆಕ್ ದೇಶದ ಜೆಎಸ್‌ಬಿ, ಇವು ಸ್ಪರ್ಧೆಗಳಲ್ಲಿ ಹೆಚ್ಚು ಕಾಣುವ ಹೆಸರುಗಳು. ಸಾಮಾನ್ಯವಾಗಿ ಡಬ್ಬಿಗೆ 500. ಪಿಸ್ತೂಲಿಗೆ 0.45ರಿಂದ 0.49 ಗ್ರಾಂ ತೂಕದವು ಹೆಚ್ಚು ಬಳಕೆಯಲ್ಲಿವೆ, ರೈಫಲ್ಲಿಗೆ 0.53 ಗ್ರಾಂ. ರೈಫಲ್ ಪೆಲೆಟ್ಟನ್ನು ಪಿಸ್ತೂಲಿಗೆ ಹಾಕಿದರೆ ಯಾವ ಕೇಡೂ ಇಲ್ಲ, ಕೆಲವು ಪಿಸ್ತೂಲುಗಳು ಅದನ್ನೇ ಇಷ್ಟಪಡುತ್ತವೆ.

ಡಬ್ಬಿಯ ಮೇಲೆ ಎರಡು ಸಂಗತಿ ಓದಿ. ಒಂದು ತಲೆಯ ವ್ಯಾಸ: 4.49, 4.50 ಎಂದು ಬರೆದಿರುತ್ತದೆ. ಇನ್ನೊಂದು ಬ್ಯಾಚ್ ಸಂಖ್ಯೆ. ಒಂದೇ ಕಂಪನಿಯ ಒಂದೇ ಹೆಸರಿನ ಪೆಲೆಟ್ ಆದರೂ ಬ್ಯಾಚ್ ಬದಲಾದರೆ ಅಚ್ಚು ಬದಲಾಗಿರಬಹುದು. ಹಾಗಾಗಿ ಮೊದಲು ಒಂದೊಂದೇ ಡಬ್ಬಿ ತಂದು ಪರೀಕ್ಷಿಸಿ, ಒಪ್ಪಿಗೆಯಾದದ್ದನ್ನು ಅದೇ ಬ್ಯಾಚಿನಲ್ಲಿ ವರ್ಷಕ್ಕೆ ಆಗುವಷ್ಟು ತೆಗೆದಿಡಿ. ಒಬ್ಬರಿಗೆ ಭಾರವಾದರೆ ಕ್ಲಬ್ಬಿನ ನಾಲ್ಕೈದು ಮಂದಿ ಸೇರಿ ಕೊಂಡು ಹಂಚಿಕೊಳ್ಳಬಹುದು.

ಅಕ್ಕಿ ಆರಿಸುವ ಹಾಗೆ

ಬೆಳಕಿರುವ ಕಡೆ ಮೇಜಿನ ಮೇಲೆ ಒಂದು ಬಿಳಿ ಬಟ್ಟೆ ಹಾಸಿ, ಐವತ್ತೈವತ್ತು ಪೆಲೆಟ್ ಮೆಲ್ಲಗೆ ಹರಡಿ. ಸೀಸ ಅಂಟುತ್ತದೆ, ಅಡುಗೆಮನೆಯ ಮೊರ, ತಟ್ಟೆ ಯಾವುದನ್ನೂ ತರಬೇಡಿ. ಈ ಬಟ್ಟೆಯೂ ಬೇರೆ ಕೆಲಸಕ್ಕೆ ಹೋಗಬಾರದು. ಒಂದೊಂದನ್ನೂ ಹಿಂಬದಿಯಿಂದ ನೋಡಿ. ಸ್ಕರ್ಟಿನ ಬಾಯಿ ಪೂರ್ಣ ದುಂಡಗಿದೆಯೇ? ಅಂಚಿನಲ್ಲಿ ಸೀಸದ ಎಸಳು ಅಂಟಿಕೊಂಡಿದೆಯೇ? ತಲೆಯ ಮೇಲೆ ಗೀರಿದೆಯೇ? ಕಣ್ಣು ಒಂದು ವಾರದಲ್ಲಿ ಪಳಗುತ್ತದೆ, ಆಮೇಲೆ ಐವತ್ತಕ್ಕೆ ಎರಡು ನಿಮಿಷವೂ ಬೇಡ.

ಕಣ್ಣಿಗೆ ಸಿಗದ ಸೊಟ್ಟು ಹಿಡಿಯಲು ಒಂದು ಗಾಜಿನ ಹಲಗೆ ಸಾಕು. ಒಂದು ಬದಿಗೆ ಪುಸ್ತಕ ಕೊಟ್ಟು ಸ್ವಲ್ಪವೇ ಓರೆ ಮಾಡಿ, ಮೇಲಿನಿಂದ ಪೆಲೆಟ್ ಉರುಳಿಸಿ. ಸ್ಕರ್ಟ್ ತಲೆಗಿಂತ ತುಸು ಅಗಲವಿರುವುದರಿಂದ ಪೆಲೆಟ್ ನೇರ ಉರುಳದೆ ಬಿಲ್ಲಿನಂತೆ ಬಾಗಿ ಇಳಿಯುತ್ತದೆ. ಎಲ್ಲವೂ ಒಂದೇ ಜಾಡಿನಲ್ಲಿ ಬಾಗಬೇಕು. ಕುಂಟುತ್ತ ಇಳಿದದ್ದನ್ನು, ದಾರಿಬಿಟ್ಟು ಹೋದದ್ದನ್ನು ಬೇರೆ ಇಡಿ. ಅವು ಅಭ್ಯಾಸದ ಆರಂಭದ ಹೊಡೆತಗಳಿಗೆ ಆದಾವು.

ತೂಕ ಮಾಡಬೇಕೇ?

ಚಿನಿವಾರರು ಬಳಸುವಂಥ ಮಿಲಿಗ್ರಾಂ ತೋರಿಸುವ ತಕ್ಕಡಿ ಈಗ ಸುಲಭವಾಗಿ ಸಿಗುತ್ತದೆ, ಸಂಜೆಯೆಲ್ಲ ಕೂತು ತೂಗುವವರನ್ನು ನಾನು ನೋಡಿದ್ದೇನೆ. ಒಂದು ಲೆಕ್ಕ ಹಾಕೋಣ. ಪೆಲೆಟ್ ಸೆಕೆಂಡಿಗೆ 150 ಮೀಟರ್ ವೇಗದಲ್ಲಿ ಹೊರಟರೆ ಹತ್ತು ಮೀಟರ್ ದಾಟುವಷ್ಟರಲ್ಲಿ ಗುರುತ್ವಕ್ಕೆ ಸುಮಾರು 22 ಮಿ.ಮೀ. ಕೆಳಗಿಳಿಯುತ್ತದೆ. ತೂಕದಲ್ಲಿ ಶೇ 1ರಷ್ಟು, ಅಂದರೆ ಸುಮಾರು 5 ಮಿಲಿಗ್ರಾಂ ವ್ಯತ್ಯಾಸವಿದ್ದರೆ ವೇಗ ಬದಲಾಗುವುದು ಅದರ ಅರ್ಧದಷ್ಟು. ಇಳಿತದಲ್ಲಿ ಆಗುವ ವ್ಯತ್ಯಾಸ 0.2 ಮಿ.ಮೀ. ಆಸುಪಾಸು.

ಪಿಸ್ತೂಲ್ ಗುರಿಯ ಹತ್ತರ ವೃತ್ತ 11.5 ಮಿ.ಮೀ. ಅಗಲ, ಒಂದು ಅಂಕಕ್ಕೂ ಮುಂದಿನದಕ್ಕೂ ನಡುವೆ 8 ಮಿ.ಮೀ. ಅಂತರ. ಅಲ್ಲಿ 0.2 ಲೆಕ್ಕಕ್ಕೇ ಬರುವುದಿಲ್ಲ. ಏರ್ ರೈಫಲ್ಲಿನ ಹತ್ತು ಬರೀ ಅರ್ಧ ಮಿಲಿಮೀಟರಿನ ಚುಕ್ಕೆ, ಆ ಆಟದವರು ಪೆಲೆಟ್ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರುವುದಕ್ಕೆ ಕಾರಣವಿದೆ. ಪಿಸ್ತೂಲಿನವರು ತಕ್ಕಡಿಯ ದುಡ್ಡಿನಲ್ಲಿ ಎರಡು ಡಬ್ಬಿ ಪೆಲೆಟ್ ತರುವುದು ಒಳ್ಳೆಯದು.

ಗ್ರೂಪ್ ಪರೀಕ್ಷೆ

ಒಂದೇ ಗುರಿಗೆ ಹೊಡೆದ ಹಲವು ಗುಂಡುಗಳ ತೂತುಗಳ ಗುಂಪಿಗೆ ಗ್ರೂಪ್ ಎನ್ನುತ್ತಾರೆ. ಮುಖ್ಯ ಕೆಲಸ ಇದು, ಇದಕ್ಕೊಂದು ಪೂರ್ತಿ ಮಧ್ಯಾಹ್ನ ಕೊಡಿ. ರೇಂಜಿನಲ್ಲೇ ಮಾಡಿ. 20 ಜೌಲ್ ದಾಟದ 4.5 ಮಿ.ಮೀ. ಏರ್ ಪಿಸ್ತೂಲಿಗೆ ನಮ್ಮಲ್ಲಿ ಪರವಾನಗಿ ಬೇಡವೆಂದು ಮಹಡಿ ಮೇಲೆ ನಿಂತು ಹೊಡೆಯುವುದು ತಪ್ಪು. ಸ್ಪರ್ಧೆಯ ಪಿಸ್ತೂಲಿನ ಶಕ್ತಿ ಐದಾರು ಜೌಲ್ ಅಷ್ಟೇ, ಆದರೂ ಕಣ್ಣೊಂದನ್ನು ಕಳೆಯಲು ಅಷ್ಟು ಬೇಡ. ಹೊಡೆಯುವವರೂ ಪಕ್ಕದಲ್ಲಿ ನಿಂತವರೂ ರಕ್ಷಣಾ ಕನ್ನಡಕ ಹಾಕಲೇಬೇಕು.

ಪಿಸ್ತೂಲಿನ ಗಾಳಿ ಸಿಲಿಂಡರ್ ತುಂಬಿರಲಿ. ಹೆಚ್ಚಿನವಕ್ಕೆ 200 ಬಾರ್ ಒತ್ತಡದ ಮಿತಿ, ಸಿಲಿಂಡರಿನ ಮೇಲೆ ತಯಾರಾದ ವರ್ಷವೂ ಇರುತ್ತದೆ. ಹತ್ತು ವರ್ಷದ ಅವಧಿ ಮುಗಿದದ್ದನ್ನು ತುಂಬಬೇಡಿ. ಗಾಳಿ ಕಡಿಮೆಯಾದಾಗ ಪರೀಕ್ಷಿಸಿದರೆ ವೇಗ ಕುಸಿದು ಒಳ್ಳೆಯ ಪೆಲೆಟ್ಟೂ ಕೆಟ್ಟದಾಗಿ ಕಾಣುತ್ತದೆ.

ಬಹಳ ದಿನವಾಗಿದ್ದರೆ ನಳಿಗೆಯಲ್ಲಿ ಎರಡು ಫೆಲ್ಟ್ ತುಂಡು ಹಾಯಿಸಿ ಶುಚಿ ಮಾಡಿ. ಎಣ್ಣೆ ಬೇಡ. ಒತ್ತಿದ ಗಾಳಿಯ ಜತೆ ಪೆಟ್ರೋಲಿಯಂ ಎಣ್ಣೆ ಸೇರುವುದು ಅಪಾಯ. ಶುಚಿಯಾದ ನಳಿಗೆಗೆ ಮತ್ತೆ ಸೀಸದ ತೆಳುಪದರ ಕೂರಬೇಕು, ಅದಕ್ಕೆ ಹತ್ತು ಗುಂಡು ಲೆಕ್ಕವಿಲ್ಲದೆ ಹೋಗಲಿ.

ಪಿಸ್ತೂಲನ್ನು ಹಿಡಿದಿಡಲು ಕ್ಲಬ್ಬಿನಲ್ಲಿ ವೈಸ್ ಇದ್ದರೆ ಬಹಳ ಅನುಕೂಲ. ಚೌಕಟ್ಟನ್ನು ಮಾತ್ರ ಮೆತ್ತೆಯಿಟ್ಟು ಬಿಗಿಯಬೇಕು, ನಳಿಗೆಗೂ ಸಿಲಿಂಡರಿಗೂ ಒತ್ತು ಬೀಳಬಾರದು. ವೈಸ್ ಇಲ್ಲದಿದ್ದರೆ ಕುರ್ಚಿಯಲ್ಲಿ ಕೂತು, ಮರಳಿನ ಚೀಲದ ಮೇಲೆ ಮಣಿಕಟ್ಟು ಊರಿ, ಎರಡೂ ಕೈಯಲ್ಲಿ ಹಿಡಿದು ಹೊಡೆಯಿರಿ.

ಪೆಲೆಟ್ ಹಾಕುವಾಗ ತಲೆ ಮುಂದಕ್ಕೆ, ಬೆರಳ ತುದಿಯಿಂದ ಮೆತ್ತಗೆ ಪೂರ್ತಿ ಒಳಗೆ ಕೂರಿಸಿ. ಸ್ಕರ್ಟಿನ ಅಂಚು ಹೊರಗೆ ಇಣುಕುತ್ತಿರುವಾಗಲೇ ನಳಿಗೆಯ ಹಿಂಬಾಯಿಯ ಬೋಲ್ಟ್ ಮುಚ್ಚಿದರೆ ನೀವು ಗಾಜಿನ ಮೇಲೆ ಉರುಳಿಸಿ ಆರಿಸಿದ್ದೆಲ್ಲ ವ್ಯರ್ಥ.

ಒಂದು ಬಗೆಯ ಪೆಲೆಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ಮೊದಲ ಐದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆಮೇಲೆ ಒಂದೇ ಗುರಿಗೆ ಹತ್ತು. ಐದೇ ಗುಂಡಿನ ಗ್ರೂಪ್ ಅದೃಷ್ಟದಿಂದ ಚಿಕ್ಕದಾಗಿ ಬಂದು ಮೋಸ ಮಾಡುತ್ತದೆ, ನಾನು ಹಾಗೆ ಮೋಸಹೋಗಿ ತಪ್ಪು ಬ್ಯಾಚಿನ ಹತ್ತು ಡಬ್ಬಿ ಕೊಂಡಿದ್ದೇನೆ. ಪ್ರತಿ ಬಗೆಗೆ ಹತ್ತರ ಎರಡು ಗ್ರೂಪ್ ಆಗಲಿ. ಸಾಧ್ಯವಾದರೆ ಯಾವ ಡಬ್ಬಿಯದೆಂದು ನಿಮಗೆ ತಿಳಿಯದಂತೆ ಗೆಳೆಯರೊಬ್ಬರು ಪೆಲೆಟ್ ಕೊಡುತ್ತ ಹೋಗಲಿ.

ಗ್ರೂಪ್ ಎಲ್ಲಿ ಬಿತ್ತು ಎನ್ನುವುದು ಮುಖ್ಯವಲ್ಲ. ಹತ್ತರಲ್ಲಾಗಲಿ ಏಳರಲ್ಲಾಗಲಿ ಬೀಳಲಿ, ಗುರಿ ಹಿಡಿಯುವ ಸೈಟ್ ತಿರುಗಿಸಿ ಸರಿಮಾಡಬಹುದು. ಎಷ್ಟು ಒತ್ತಾಗಿ ಬಿತ್ತು ಎಂಬುದನ್ನು ಅಳೆಯಿರಿ. ಒಂದರಿಂದೊಂದು ಅತಿ ದೂರವಿರುವ ಎರಡು ತೂತುಗಳ ಹೊರ ಅಂಚಿನಿಂದ ಹೊರ ಅಂಚಿಗೆ ವರ್ನಿಯರ್ ಕ್ಯಾಲಿಪರ್ ಹಿಡಿದು, ಬಂದ ಅಳತೆಯಿಂದ 4.5 ಕಳೆಯಿರಿ. ವೈಸ್‌ನಿಂದ ಹೊಡೆದಾಗ ಉಳಿದದ್ದು 2.5 ಮಿ.ಮೀ. ಒಳಗಿದ್ದರೆ ಆ ಪೆಲೆಟ್ ಯಾವ ಸ್ಪರ್ಧೆಗೂ ಸಾಕು. 4.49, 4.50 ಎರಡೂ ಹಾಗೆ ಬಂದರೆ ಅಗ್ಗದ್ದನ್ನೋ ಸುಲಭವಾಗಿ ಸಿಗುವುದನ್ನೋ ಆರಿಸಿ, ನಿಶ್ಚಿಂತೆಯಿಂದಿರಿ.

ಏಕೆಂದರೆ ಮಿಕ್ಕದ್ದೆಲ್ಲ ಕೈಯದು. ಮುಂದಿನ ಸೈಟ್ ಹಿಂದಿನ ಸೈಟ್‌ನ ಸಂದಿನಲ್ಲಿ ಒಂದು ಮಿಲಿಮೀಟರ್ ಸರಿದರೆ ಹತ್ತು ಮೀಟರ್ ಆಚೆ ಗುಂಡು ಸುಮಾರು 30 ಮಿ.ಮೀ. ಸರಿಯುತ್ತದೆ. ಹತ್ತರ ನಡುವಿಗೆ ಹೋಗಬೇಕಾದದ್ದು ಏಳಕ್ಕೆ ಬೀಳುತ್ತದೆ. ಟ್ರಿಗರ್‌ಗೆ ಕನಿಷ್ಠ 500 ಗ್ರಾಂ ಭಾರವಿರಬೇಕೆಂಬುದು ನಿಯಮ. ಆ 500 ಗ್ರಾಮನ್ನು ಸೈಟ್ ಕದಲಿಸದೆ ಎಳೆಯುವುದೇ ಈ ಆಟದ ಬಹುಪಾಲು. ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಬಾಕು ವಿಶ್ವಕಪ್‌ನಲ್ಲಿ ಸರಬ್ಜೋತ್ ಸಿಂಗ್ ಜತೆ ಮಿಶ್ರ ತಂಡದ ಚಿನ್ನ ಗೆದ್ದ ಮೇಲೆ ನಮ್ಮ ರೇಂಜುಗಳಿಗೆ ಬರುವ ಹುಡುಗಿಯರು ಅವರ ಪಿಸ್ತೂಲ್ ಯಾವುದು, ಪೆಲೆಟ್ ಯಾವುದು ಎಂದು ಕೇಳುತ್ತಾರೆ. ನಾನು ಅವರಿಗೆ ಹೇಳುವುದಿಷ್ಟೇ: ಪರೀಕ್ಷೆ ಮುಗಿದ ಸಂಜೆಯಿಂದ ಒಂದು ತಿಂಗಳು, ದಿನಕ್ಕೆ ಅರ್ಧ ಗಂಟೆ ಪೆಲೆಟ್ ಇಲ್ಲದೆ ಖಾಲಿ ಟ್ರಿಗರ್ ಎಳೆದು ಅಭ್ಯಾಸ ಮಾಡು.

ಸೀಸದ ಜತೆ ಎಚ್ಚರ

ಬೇರೆಲ್ಲ ಬಿಟ್ಟರೂ ಈ ಭಾಗ ಬಿಡಬೇಡಿ. ಇಷ್ಟು ಪ್ರಮಾಣದ ಸೀಸ ದೇಹಕ್ಕೆ ಸೇರಿದರೆ ಏನೂ ಆಗದು ಎನ್ನಬಹುದಾದ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳ ಮಿದುಳಿಗೆ ಅದು ಹೆಚ್ಚು ಹಾನಿ ಮಾಡುತ್ತದೆ. ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಂಡು ನಿಲ್ಲುವ ಅಭ್ಯಾಸ ಹಳಬರಲ್ಲೂ ಇದೆ, ಮಕ್ಕಳು ಅದನ್ನೇ ನೋಡಿ ಕಲಿಯುತ್ತಾರೆ. ಹೊಡೆಯುವ ಜಾಗದಲ್ಲಿ ತಿಂಡಿ, ಕಾಫಿ ಬೇಡ. ಮುಗಿದ ಕೂಡಲೇ ಸೋಪು ಹಚ್ಚಿ ತಣ್ಣೀರಿನಲ್ಲಿ ಕೈ ತೊಳೆಯಿರಿ. ಗುಂಡು ಬೀಳುವ ಪೆಟ್ಟಿಗೆಯ ಸುತ್ತ ಪೊರಕೆ ಆಡಿಸಿದರೆ ಧೂಳು ಏಳುತ್ತದೆ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಕರಾವಳಿ, ಮಲೆನಾಡಿನವರಿಗೆ ಮಳೆಗಾಲದಲ್ಲಿ ಇನ್ನೊಂದು ತೊಂದರೆ. ತೇವಕ್ಕೆ ಪೆಲೆಟ್ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಅದು ಸೀಸದ ಲವಣ, ಬೆರಳಿಗೆ ಸುಲಭವಾಗಿ ಅಂಟುತ್ತದೆ. ಹಾಗಾದ ಡಬ್ಬಿಯನ್ನು ತೊಳೆದು ಬಳಸಲು ಹೋಗಬೇಡಿ. ಮುಚ್ಚಿ, ಗುರುತು ಹಾಕಿ, ಕ್ಲಬ್ಬಿನ ಹಳೆ ಸೀಸದ ಡಬ್ಬಕ್ಕೆ ಕೊಡಿ. ಒಳ್ಳೆಯ ಡಬ್ಬಿಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜತೆ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ.

ಹೊಡೆದು ಚಪ್ಪಟೆಯಾದ ಪೆಲೆಟ್ಟನ್ನು ಮನೆಯಲ್ಲಿ ಕರಗಿಸಬಾರದು. ಮೀನಿನ ಬಲೆಗೆ ಭಾರ ಕಟ್ಟಲು ಸೀಸ ಬೇಕೆಂದು ಕೇಳಿ ಒಯ್ದು, ಅಡುಗೆ ಒಲೆಯ ಮೇಲೆಯೇ ಕರಗಿಸಿದವರನ್ನು ನಾನು ಕಂಡಿದ್ದೇನೆ. ಆ ಮನೆಯಲ್ಲಿ ಪುಟ್ಟ ಮಗುವಿತ್ತು. ಅಂದಿನಿಂದ ಕ್ಲಬ್ಬಿನ ಡಬ್ಬಕ್ಕೆ ಬೀಗ ಹಾಕಿದ್ದೇನೆ, ತುಂಬಿದಾಗ ಸೀಸ ಮರುಬಳಕೆ ಮಾಡುವವರಿಗೆ ನಾನೇ ಒಯ್ದು ಕೊಟ್ಟು ಬರುತ್ತೇನೆ.