ಸಿಬಿಲ್ ಕೆಡುವುದು ತಾರೀಖಿನಲ್ಲಿ

ನಾವು ಸಾಲ ಹೇಗೆ ತೀರಿಸುತ್ತೇವೆ ಅನ್ನುವುದಕ್ಕೆ ಸಿಬಿಲ್ ಅನ್ನುವ ಕ್ರೆಡಿಟ್ ಬ್ಯೂರೋ (ಸಾಲಗಳ ದಾಖಲೆ ಇಡುವ ಕಂಪನಿ) ಅಂಕ ಕೊಡುತ್ತದೆ. ಆ ಸ್ಕೋರ್ 742 ಅಂತ ಆ್ಯಪ್ ತೋರಿಸಿದರೆ ಆ ಅಂಕಿಯಿಂದ ಮಾಡಲಿಕ್ಕೇನೂ ಇಲ್ಲ. ನಾನು ನೇರ ಹೋಗುವುದು ಪೂರ್ತಿ ವರದಿಯಲ್ಲಿ ಪ್ರತಿ ಸಾಲದ ಕೆಳಗಿರುವ ಪಾವತಿ ಕೋಷ್ಟಕಕ್ಕೆ. ತಿಂಗಳಿಗೊಂದು ಚೌಕ, ಮೂರು ವರ್ಷಕ್ಕೆ 36. ಚೌಕದಲ್ಲಿ 000 ಅಥವಾ ಎಸ್‌ಟಿಡಿ (ಸ್ಟ್ಯಾಂಡರ್ಡ್) ಇದ್ದರೆ ಸರಿ. 012 ಅಂದರೆ ಆ ತಿಂಗಳ ಲೆಕ್ಕ ಕಳಿಸುವಾಗ ಕಂತು 12 ದಿನ ತಡವಾಗಿತ್ತು. ಮೂರು ಎಕ್ಸ್ ಇದ್ದರೆ ಬ್ಯಾಂಕೇ ಮಾಹಿತಿ ಕಳಿಸಿಲ್ಲ, ಅದಕ್ಕೆ ಗಾಬರಿ ಬೇಡ. ಖಾತೆಯಲ್ಲಿ ದುಡ್ಡಿದ್ದೂ ತಾರೀಖು ತಪ್ಪಿ ಕೆಟ್ಟ ಚೌಕಗಳೇ ಹೊಟ್ಟೆ ಉರಿಸುವುದು.

ಇಎಂಐಯಿಂದ ಶುರು ಮಾಡೋಣ. ಐದನೇ ತಾರೀಖು ಭಾನುವಾರ ಬಂದರೆ ಕಂತು ಸೋಮವಾರ ಹೋಗುತ್ತದೆ ಅನ್ನುವುದು ಹಳೇ ಲೆಕ್ಕ. ಖಾತೆಯಿಂದ ಕಂತು ತಾನಾಗಿ ಕಡಿದುಕೊಳ್ಳುವ ವ್ಯವಸ್ಥೆಯಾದ ನ್ಯಾಚ್ 2021ರ ಆಗಸ್ಟ್ 1ರಿಂದ ವಾರದ ಏಳೂ ದಿನ ನಡೆಯುತ್ತದೆ. ಹಾಗಾಗಿ ನಾಲ್ಕನೇ ತಾರೀಖಿನ ಸಂಜೆಗೇ ದುಡ್ಡು ಖಾತೆಯಲ್ಲಿರಬೇಕು. ಕಂತು 11,240 ರೂಪಾಯಿ ಇದ್ದು ಖಾತೆಯಲ್ಲಿ 11,200 ಇದ್ದರೆ ಇರುವಷ್ಟನ್ನು ಕಡಿದುಕೊಳ್ಳುವುದಿಲ್ಲ, ಇಡೀ ಕಂತೇ ಬೌನ್ಸ್. ಖಾತೆಯಿರುವ ಬ್ಯಾಂಕು ಒಂದು ದಂಡ ಹಾಕುತ್ತದೆ, ಸಾಲ ಕೊಟ್ಟವರು ಇನ್ನೊಂದು. ಬೌನ್ಸ್ ಆದರೆ ಸಾಲ ಕೊಟ್ಟವರು ಕಂತು ಕಡಿಯಲು ಮತ್ತೆ ಕಳಿಸುವವರೆಗೆ ಕಾಯಬಾರದು. ಅದೇ ದಿನ ಸಾಲ ಕೊಟ್ಟವರ ಆ್ಯಪಿನಲ್ಲಿ ಯುಪಿಐ ಮೂಲಕ ಕಟ್ಟಿ, ರಸೀದಿ ಇಟ್ಟುಕೊಳ್ಳಬೇಕು. ಸಂಬಳ ಏಳಕ್ಕೆ ಬರುವವರು ಐದಕ್ಕೆ ಕಂತು ಇಟ್ಟುಕೊಂಡು ಪ್ರತಿ ತಿಂಗಳು ಒದ್ದಾಡುವುದಕ್ಕಿಂತ, ತಾರೀಖು ಬದಲಿಸಿಕೊಡಿ ಅಂತ ಅರ್ಜಿ ಕೊಡುವುದು ಮೇಲು.

ಕ್ರೆಡಿಟ್ ಕಾರ್ಡಿಗೆ ಎರಡು ತಾರೀಖು. ಬಿಲ್ ತಯಾರಾಗುವುದು 18ಕ್ಕೆ, ಕಟ್ಟಲು ಕೊನೇ ದಿನ ಮುಂದಿನ ತಿಂಗಳ 7 ಅಂತಿಟ್ಟುಕೊಳ್ಳಿ. ಲಿಮಿಟ್ ಒಂದು ಲಕ್ಷ, ಖರ್ಚು 70,000. ಏಳಕ್ಕೆ ಪೈಸೆ ಬಿಡದೆ ಕಟ್ಟಿದರೂ ಬ್ಯೂರೋಗೆ ಸಾಮಾನ್ಯವಾಗಿ ಹೋಗುವುದು ಬಿಲ್ಲಿನ ಮೊತ್ತ, ಅಂದರೆ ಲಿಮಿಟ್ಟಿನ ಶೇ 70 ಬಳಕೆ. ಶೇ 30ರೊಳಗೆ ಇರಲಿ ಅನ್ನುವುದು ರೂಢಿ. ನಾನು 16ಕ್ಕೇ 45,000 ಕಟ್ಟಿಬಿಡುತ್ತೇನೆ, ಬಿಲ್ ಬರುವುದು 25,000ಕ್ಕೆ. 18ರ ಸಂಜೆ ಕಟ್ಟಿದರೆ ಅದು ಲೆಕ್ಕಕ್ಕೆ ಸೇರುವಷ್ಟರಲ್ಲಿ ಬಿಲ್ ಆಗಿರುತ್ತದೆ. ಹಾಗಂತ ವರ್ಷವಿಡೀ ಈ ಕಸರತ್ತು ಬೇಕಿಲ್ಲ. ಬಳಕೆ ಇಳಿದರೆ ಸ್ಕೋರೂ ಚೇತರಿಸಿಕೊಳ್ಳುತ್ತದೆ. ಮನೆ ಸಾಲಕ್ಕೋ ಕಾರಿನ ಸಾಲಕ್ಕೋ ಅರ್ಜಿ ಹಾಕುವ ಮುಂಚಿನ ಎರಡು ಮೂರು ತಿಂಗಳು ಮಾಡಿದರೆ ಸಾಕು.

ಕೊನೇ ದಿನ ದಾಟಿ ಮೂರು ದಿನ ಮೀರಿದ ಮೇಲಷ್ಟೇ ಕಾರ್ಡ್ ಬಾಕಿ ಅಂತ ವರದಿ ಮಾಡಬೇಕು, ತಡದ ಶುಲ್ಕ ಹಾಕಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಆದರೆ ನಾಲ್ಕನೇ ದಿನ ಬಂತೆಂದರೆ ತಡವಾದ ದಿನಗಳ ಎಣಿಕೆ ಕೊನೇ ದಿನದಿಂದಲೇ. ಬೇರೆ ಆ್ಯಪಿನಿಂದ ಕಟ್ಟಿದ ದುಡ್ಡು ಕಾರ್ಡಿಗೆ ಸೇರಲು ಒಮ್ಮೊಮ್ಮೆ ಎರಡು ದಿನ ಹಿಡಿಯುವುದರಿಂದ ಈ ಸಡಿಲಿಕೆ ನೆಚ್ಚಿಕೊಂಡರೆ ಕೆಟ್ಟಿರಿ.

ಬೀರುವಿನಲ್ಲಿ ಮಲಗಿರುವ ಕಾರ್ಡಿನದು ಇನ್ನೊಂದು ಕಥೆ. ವಾರ್ಷಿಕ ಶುಲ್ಕ 500, ಜಿಎಸ್‌ಟಿ 90, ಒಟ್ಟು 590 ರೂಪಾಯಿ. ಬಳಸಿಲ್ಲವಲ್ಲ ಅಂತ ಬಿಲ್ ತೆರೆಯದೇ ಬಿಟ್ಟರೆ ಅದೇ 590 ಕೋಷ್ಟಕದಲ್ಲಿ 030, 060 ಅಂತ ಬೆಳೆಯುತ್ತದೆ. ಅಂಥದ್ದನ್ನು ಬಾಕಿ ತೀರಿಸಿ, ಬರಹದಲ್ಲಿ ಕೇಳಿ ಮುಚ್ಚಿಸಿ. ಏಳು ಕೆಲಸದ ದಿನದೊಳಗೆ ಮುಚ್ಚದಿದ್ದರೆ ಬ್ಯಾಂಕು ದಿನಕ್ಕೆ 500 ರೂಪಾಯಿ ಕೊಡಬೇಕು. ಶುಲ್ಕವಿಲ್ಲದ ಹಳೇ ಕಾರ್ಡನ್ನು ಮಾತ್ರ ಮುಚ್ಚಬೇಡಿ. ಒಂದೂವರೆ ಲಕ್ಷದ್ದೊಂದು, ಒಂದು ಲಕ್ಷದ್ದೊಂದು ಕಾರ್ಡಿದ್ದು 50,000 ಖರ್ಚಾದರೆ ಬಳಕೆ ಶೇ 20. ದೊಡ್ಡದನ್ನು ಮುಚ್ಚಿದ ಮರುದಿನ ಅದೇ ಖರ್ಚು ಶೇ 50. ಆ ಹಳೇ ಕಾರ್ಡಿಗೊಂದು ಮೊಬೈಲ್ ರೀಚಾರ್ಜ್ ಅಂಟಿಸಿ ಆಟೋಪೇ ಇಟ್ಟರೆ ಆಯಿತು.

ಬಟ್ಟೆಬರೆ ಕೊಳ್ಳುವಾಗ ‘ಆಮೇಲೆ ಕೊಡಿ’ ಅಂತ ಒತ್ತುವ ಗುಂಡಿಯೂ ಸಾಲವೇ. ವರದಿಯಲ್ಲಿ ಆ್ಯಪಿನ ಹೆಸರಿರುವುದಿಲ್ಲ, ಹಿಂದಿರುವ ಎನ್‌ಬಿಎಫ್‌ಸಿಯ (ಬ್ಯಾಂಕಲ್ಲದ ಸಾಲ ಕೊಡುವ ಕಂಪನಿಯ) ಹೆಸರಿರುತ್ತದೆ. ಗುರುತು ಸಿಗದೆ ‘ಇದು ನಂದಲ್ಲ’ ಅನ್ನುವವರೇ ಬಹಳ. ಒಂದೇ ಸಂಜೆ ಐದು ಕಡೆ ಸಾಲಕ್ಕೆ ಅರ್ಜಿ ಹಾಕಿದರೆ ಸಾಲ ಕೊಡುವವರು ನಮ್ಮ ವರದಿ ತೆರೆದು ನೋಡಿದ ಐದು ವಿಚಾರಣೆ ದಾಖಲಾಗುತ್ತವೆ, ಅದು ಸ್ಕೋರಿಗೆ ಪೆಟ್ಟು. ಆದರೆ ನಮ್ಮ ಸ್ಕೋರ್ ನಾವೇ ನೋಡಿದರೆ ಅಂಕ ಕಡಿಮೆಯಾಗುವುದಿಲ್ಲ. ಊರಿನ ಕಡೆ ಒಡವೆ ಸಾಲದ ವಾಯಿದೆ ಮರೆಯುವುದು, ನೆಂಟರ ಸಾಲಕ್ಕೆ ಜಾಮೀನು ಹಾಕಿ ಕಂತಿನ ತಾರೀಖೇ ಕೇಳದಿರುವುದು ಇನ್ನೂ ದುಬಾರಿ. ಜಾಮೀನುದಾರನ ವರದಿಯಲ್ಲೂ ಆ ಸಾಲ ಕೂತಿರುತ್ತದೆ.

‘ಇಷ್ಟು ಕಟ್ಟಿ, ಮುಗಿಸೋಣ’ ಅಂತ ವಸೂಲಿಯವರು ಹೇಳಿದ ಮೊತ್ತ ಕಟ್ಟಿದರೆ ಖಾತೆಗೆ ಬೀಳುವ ಮುದ್ರೆ ‘ಸೆಟಲ್ಡ್’ (ಕಡಿಮೆಗೆ ರಾಜಿಯಾದದ್ದು), ‘ಕ್ಲೋಸ್ಡ್’ (ಪೂರ್ತಿ ತೀರಿದ್ದು) ಅಲ್ಲ. ಅದನ್ನು ಬದಲಿಸಲು ಬಿಟ್ಟುಕೊಟ್ಟ ಉಳಿಕೆಯನ್ನೂ ಕಟ್ಟಿ ಬಾಕಿ ಇಲ್ಲ ಅನ್ನುವ ನೋ ಡ್ಯೂ ಪತ್ರ ಪಡೆಯಬೇಕು.

ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ನಾನು ಮೂರು ತಿಂಗಳಿಗೊಬ್ಬರ ಬಳಿ ಪಡೆಯುತ್ತೇನೆ. ತಪ್ಪು ಕಂಡರೆ ಬ್ಯೂರೋದ ತಾಣದಲ್ಲೇ ತಕರಾರು ಹಾಕಿ, ಸಾಲದ ಸ್ಟೇಟ್‌ಮೆಂಟ್ ಲಗತ್ತಿಸಬೇಕು. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ, ಅದಾದ ಮೇಲೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ದೂರು ಕೇಳುವ ಅಧಿಕಾರಿ) ಬಳಿ ಹೋಗಬಹುದು. ಎಣಿಸಲು ಮೊದಲ ದಿನ ಗೊತ್ತಿರಬೇಕಲ್ಲ, ಅದಕ್ಕೇ ದೂರಿನ ಸಂಖ್ಯೆ ಬಂದ ಪುಟವನ್ನು ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ.